ಸವಳು ಬಿದ್ದ ಹೊಲ

ಅಮರಕೋಶದ ಭೂಮಿವರ್ಗವನ್ನು ಬಾಯಿಪಾಠ ಮಾಡುತ್ತಿದ್ದ ದಿನಗಳಲ್ಲಿ ಎರಡು ಮಾತುಗಳು ಒಂದರ ಪಕ್ಕದಲ್ಲೊಂದು ನಾಲಗೆಗೆ ಬರುತ್ತಿದ್ದವು. ಎಲ್ಲ ಪೈರೂ ಬೆಳೆಯುವ ನೆಲ ಉರ್ವರಾ. ಉಪ್ಪಿನ ಮಣ್ಣು ಊಷ, ಅದರಿಂದ ಕೂಡಿದ ನೆಲ ಊಷರ. ಒಂದಕ್ಕೊಂದು ತೀರ ವಿರುದ್ಧವಾದ ಇವನ್ನು ಕೋಶಕಾರ ಏಕೆ ಹೀಗೆ ಜೊತೆಗಿಟ್ಟನೆಂಬುದು ಆಗ ನನಗೆ ಹೊಳೆದಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ನಮ್ಮದೇ ನಾಲ್ಕು ಎಕರೆ ಎರೆಹೊಲ ಬೆಳ್ಳಗಾದ ಮೇಲೆ ಹೊಳೆಯಿತು. ಒಂದರಿಂದ ಇನ್ನೊಂದಕ್ಕೆ ಬಹಳ ದೂರವಿಲ್ಲ.

ನಮ್ಮ ಕಡೆ ಇದಕ್ಕೆ ಸವಳು ಎನ್ನುತ್ತಾರೆ. ಮೈಸೂರು ಸೀಮೆಯಲ್ಲಿ ಚೌಳು. ಹಿಂದೆ ಅಗಸರು ಬಟ್ಟೆಯ ಕೊಳೆ ತೆಗೆಯುವುದಕ್ಕೆ ಈ ಮಣ್ಣನ್ನು ಹುಡುಕಿಕೊಂಡು ಹೋಗುತ್ತಿದ್ದರು. ಈಗ ಹುಡುಕಬೇಕಾಗಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರುಗಳ ಸುತ್ತ, ಹಸುರು ಗದ್ದೆಗಳ ನಡುವೆಯೇ, ಬೇಸಗೆಯಲ್ಲಿ ಸುಣ್ಣ ಚೆಲ್ಲಿದಂತೆ ಕಾಣುವ ತಗ್ಗಿನ ಹೊಲಗಳುಂಟು.

ಎರೆಮಣ್ಣು ನೀರನ್ನು ಹಿಡಿದಿಡುವ ಮಣ್ಣು. ಕೆಳಕ್ಕೆ ಬೇಗ ಬಿಡದು. ಮಳೆಯನ್ನೇ ನಂಬಿದ್ದ ಕಾಲದಲ್ಲಿ ಅದೇ ಅದರ ದೊಡ್ಡ ಗುಣವಾಗಿತ್ತು. ಹಿಂಗಾರಿ ಜೋಳ ಆ ತೇವದ ಮೇಲೆಯೇ ತೆನೆ ಕಟ್ಟುತ್ತಿತ್ತು. ತಿಂಗಳುಗಟ್ಟಲೆ ನೀರು ನಿಲ್ಲಿಸಿದಾಗ ಆ ಗುಣವೇ ದೋಷವಾಗುತ್ತದೆ. ಅಂತರ್ಜಲ ಮೇಲಕ್ಕೇರುತ್ತದೆ, ಮಣ್ಣಿನಾಳದ ಲವಣಗಳನ್ನು ಕರಗಿಸಿಕೊಂಡು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಉಳಿಯುತ್ತದೆ. ಆಮೇಲೆ ಬೇರಿನ ಸುತ್ತ ನೀರಿದ್ದರೂ ಪೈರು ಅದನ್ನು ಹೀರಲಾರದೆ ಬಾಡುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ಗಾದೆ. ಇಲ್ಲಿ ನೀರು ಕುಡಿದ ನೆಲ ಉಪ್ಪು ತಿನ್ನುತ್ತಿದೆ.

ಇಷ್ಟು ಮಣ್ಣಿನ ಶಾಸ್ತ್ರ. ಆದರೆ ಆ ನೀರನ್ನು ಅಲ್ಲಿ ನಿಲ್ಲಿಸಿದವರು ಯಾರು, ಏಕೆ ನಿಲ್ಲಿಸಿದರು ಎಂಬುದನ್ನು ತಿಳಿಯಬೇಕಾದರೆ ಮನುಷ್ಯರ ಬಾಳುವೆಯನ್ನು ನೋಡಬೇಕು.

1953ರಲ್ಲಿ ತುಂಗಭದ್ರೆಯ ನೀರು ಮೊದಲು ಕಾಲುವೆಗೆ ಹರಿಯಿತು. ಯೋಜನೆ ಮಾಡಿದವರು ಅಚ್ಚುಕಟ್ಟಿನ ಸಣ್ಣ ಪಾಲನ್ನು ಮಾತ್ರ ಬತ್ತಕ್ಕೆ ಗೊತ್ತುಮಾಡಿ, ಹೆಚ್ಚಿನ ಭಾಗವನ್ನು ಜೋಳ, ಹತ್ತಿ, ಶೇಂಗಾಗಳಂಥ ಕಡಮೆ ನೀರಿನ ಬೆಳೆಗಳಿಗೆ ಬಿಟ್ಟಿದ್ದರು. ಬರದ ನಾಡಿನಲ್ಲಿ ಹೆಚ್ಚು ಜನಕ್ಕೆ ಸ್ವಲ್ಪ ಸ್ವಲ್ಪವಾದರೂ ನೀರು ಸಿಕ್ಕಲೆಂಬುದು ಅವರ ಉದ್ದೇಶ. ಅದು ಹೊಲದಲ್ಲಿ ನಡೆಯಲಿಲ್ಲ. ನೆಲವನ್ನು ಸಮತಟ್ಟು ಮಾಡಿಸುವುದಕ್ಕೆ ನಮ್ಮ ರೈತರ ಕೈಯಲ್ಲಿ ಹಣವಿರಲಿಲ್ಲ. ಅನೇಕರು ಹೊಲ ಮಾರಿದರು. ಕೊಂಡವರಲ್ಲಿ ಕರಾವಳಿ ಆಂಧ್ರದಿಂದ ಬಂದ, ಬತ್ತದ ಬೇಸಾಯ ಬಲ್ಲ ಕುಟುಂಬಗಳು ಬಹಳ. ಅವರು ಕ್ಯಾಂಪುಗಳನ್ನು ಕಟ್ಟಿಕೊಂಡು, ಬೆವರು ಸುರಿಸಿ ಗದ್ದೆ ಮಾಡಿದರು. ಅವರನ್ನು ದೂರುವುದು ನ್ಯಾಯವಲ್ಲ. ಅವರನ್ನು ನೋಡಿ ನಾವೂ ಬತ್ತಕ್ಕೇ ಇಳಿದೆವು. ಬತ್ತಕ್ಕೆ ಗಿರಾಕಿ ಗಟ್ಟಿ. ಸಾಲ ಕೊಡುವ ದಲಾಲಿ ಅಂಗಡಿಗೂ ಅದೇ ಬೇಕು. ಮೇಲಾಗಿ ಅನ್ನಕ್ಕಿದ್ದ ಮರ್ಯಾದೆ! ನನ್ನ ಅಜ್ಜಿಯ ಕಾಲಕ್ಕೆ ಅನ್ನವೆಂದರೆ ಹಬ್ಬದ ಊಟ. ದಿನವೂ ಮನೆಯಲ್ಲಿ ಅನ್ನ ಬೇಯುವುದು ಏಳಿಗೆಯ ಗುರುತಾಯಿತು, ರೊಟ್ಟಿ ಬಡವರದೆನಿಸಿತು. ನಾಲಗೆಯ ಮೇಲಿನ ಈ ಬದಲಾವಣೆಯೂ ಮಣ್ಣಿಗೆ ಇಳಿಯಿತು.

ಜೋಳ ಹೋದಾಗ ಸೊಪ್ಪೆ ಹೋಯಿತು. ಸೊಪ್ಪೆ ಹೋದಾಗ ದನ ಹೋದವು. ದನ ಹೋದಾಗ ತಿಪ್ಪೆ ಬರಿದಾಯಿತು. ಅದರ ಜಾಗಕ್ಕೆ ಅಗ್ಗದ ಯೂರಿಯಾ ಬಂತು. ಕೊಯ್ಲಿನ ಯಂತ್ರ ಬಿಟ್ಟುಹೋದ ಹುಲ್ಲಿಗೆ ಹಲವರು ಬೆಂಕಿ ಇಡುತ್ತಾರೆ. ಮಣ್ಣಿಗೆ ಹಿಂದಿರುಗಬೇಕಾದದ್ದು ಹೀಗೆ ಹೊಗೆಯಾಗಿ ಹೋಗುತ್ತದೆ.

ಮಾಡಿದ್ದುಣ್ಣೋ ಮಹರಾಯ ಎನ್ನುವ ಮಾತೂ ಇಲ್ಲಿ ಸಲ್ಲದು. ನೀರು ಹೆಚ್ಚಾಗಿ ಕಟ್ಟುವವನು ಮೇಲಿನ ಹೊಲದವನು. ಸವಳು ಉಣ್ಣುವವನು ತಗ್ಗಿನ ಹೊಲದವನು. ಕಾಲುವೆಯ ಕೊನೆಯಲ್ಲಿರುವ ಮಾನ್ವಿ, ರಾಯಚೂರುಗಳ ಕಡೆಯ ರೈತನಿಗೆ ಎಷ್ಟೋ ವರ್ಷ ನೀರೇ ಮುಟ್ಟುವುದಿಲ್ಲ. ಒಂದೇ ಕಾಲುವೆ, ಒಬ್ಬನಿಗೆ ನೀರು ಹೆಚ್ಚಾಗಿ ಕೇಡು, ಇನ್ನೊಬ್ಬನಿಗೆ ನೀರಿಲ್ಲದೆ ಕೇಡು.

ಇನ್ನು ನನ್ನ ಮಾತು. ಹೇಳುವುದಕ್ಕೆ ಸಂಕೋಚವೇ. ತಂದೆಯವರು ತೀರಿಕೊಂಡ ಮೇಲೆ, ಶಾಲೆಯ ಕೆಲಸ ಬೇರೆ ಊರಿನಲ್ಲಿದ್ದ ನಾನು ಹೊಲವನ್ನು ಲಾವಣಿಗೆ ಹಾಕಿದೆ. ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆ 1974ರಲ್ಲಿ ಗೇಣಿಯನ್ನು ಬಹುಮಟ್ಟಿಗೆ ತೆಗೆದುಹಾಕಿತು. ಉಳುವವನಿಗೆ ನೆಲ ದಕ್ಕಿಸಿಕೊಟ್ಟ ದೊಡ್ಡ ಕೆಲಸ ಅದು. ಆದರೆ ಗೇಣಿ ಕಾಗದದಿಂದ ಹೋಯಿತೇ ಹೊರತು ಊರಿನಿಂದ ಹೋಗಲಿಲ್ಲ. ಬಾಯಿಮಾತಿನ ಮೇಲೆ, ವರ್ಷದಿಂದ ವರ್ಷಕ್ಕೆ ನಡೆದುಬಂದಿದೆ. ನಾನೂ ಯುಗಾದಿಗೆ ಊರಿಗೆ ಹೋಗಿ ಹಣ ಎಣಿಸಿಕೊಂಡು ಬರುತ್ತಿದ್ದೆ, ಹೊಲಕ್ಕೆ ಕಾಲಿಡುತ್ತಿರಲಿಲ್ಲ. ಒಂದು ಸಲ ಹೋಗಿ ನೋಡಿದಾಗ ತಂದೆಯವರು ತೋಡಿಸಿದ್ದ ಬಸಿಗಾಲುವೆ ಮುಚ್ಚಿಹೋಗಿ, ಕೆಳಗಿನ ಮೂಲೆಯಲ್ಲಿ ಒಂದು ಎಕರೆಯಷ್ಟು ಬೆಳ್ಳಗಾಗಿತ್ತು. ಸಿಟ್ಟಿನಿಂದ ಕೇಳಿದೆ. ಹೊಲ ಮಾಡುತ್ತಿದ್ದಾತ ಸಮಾಧಾನದಿಂದಲೇ ಹೇಳಿದ: “ಬರೋ ವರ್ಷ ಈ ಹೊಲ ನನ್ನ ಕೈಯಾಗ ಇರ್ತದೋ ಇಲ್ಲೋ ಮಾಸ್ತರ್ರೆ. ಬಸಿಗಾಲುವಿ ತೋಡಿ, ಹಸುರು ಗೊಬ್ಬರ ಹಾಕಿ ನಾ ಯಾರಿಗೆ ಬಿಟ್ಟು ಹೋಗ್ಲಿ?”

ನನ್ನಲ್ಲಿ ಉತ್ತರವಿರಲಿಲ್ಲ. ಪಹಣಿಯಲ್ಲಿ ಆತನ ಹೆಸರಿಲ್ಲ. ಹೆಸರಿಲ್ಲದವನಿಗೆ ಬ್ಯಾಂಕಿನ ಬೆಳೆಸಾಲ ಸುಲಭವಲ್ಲ. ದಲಾಲಿ ಅಂಗಡಿಯ ಬಡ್ಡಿ ತೀರಿಸಲು ಬತ್ತದ ಮೇಲೆ ಬತ್ತ ಹಾಕದೆ ಗತಿಯಿಲ್ಲ. ಮಣ್ಣನ್ನು ಕೆಡಿಸಿದವನು ಆತನಲ್ಲ, ವರ್ಷದ ಗಡುವು. ಆ ಗಡುವು ನಾನು ಹಾಕಿದ್ದು.

2015ರಿಂದ ಸರ್ಕಾರ ರೈತರಿಗೆ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದೆ. ಸಾರಜನಕ, ರಂಜಕ, ಪೊಟ್ಯಾಷಿಯಂ ಮೊದಲಾಗಿ 12 ಅಂಶಗಳನ್ನು ಅಳೆದು ಬರೆಯುತ್ತಾರೆ. ರಸಸಾರ, ಲವಣಾಂಶ, ಸಾವಯವ ಇಂಗಾಲ ಎಲ್ಲವೂ ಉಂಟು. ಬಹಳ ಉಪಯುಕ್ತವಾದದ್ದು. ಆದರೆ ಉಳುವವರು ಎಷ್ಟು ವರ್ಷ ಉಳುತ್ತಾರೆ, ಬಸಿಗಾಲುವೆಯನ್ನು ಒತ್ತಿ ಉತ್ತವರಾರು ಎಂಬುದಕ್ಕೆ ಅದರಲ್ಲಿ ಮನೆಗಳಿಲ್ಲ. ಮಣ್ಣಿನ ಅರ್ಧ ರೋಗ ಅಲ್ಲಿದೆ.

ಮದ್ದು ತಿಳಿಯದ್ದಲ್ಲ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಈ ನೆಲಗಳ ಮೇಲೆಯೇ ಕೆಲಸ ಮಾಡುತ್ತಿದ್ದಾರೆ. ನೀರು ಬಸಿದುಹೋಗಲು ದಾರಿ ಮಾಡಬೇಕು. ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆಯಬೇಕು. ಕ್ಷಾರ ನೆಲವಾದರೆ ಮೊದಲು ಜಿಪ್ಸಮ್ ಹಾಕಬೇಕು. ಸೆಣಬು, ಡಯಾಂಚ ಬೆಳೆದು ಮಣ್ಣಿಗೆ ಸೇರಿಸಬೇಕು. ಆದರೆ ಬಸಿಗಾಲುವೆ ಒಬ್ಬನ ಹೊಲದಲ್ಲಿ ಹುಟ್ಟಿ ಅಲ್ಲಿಯೇ ಮುಗಿಯುವುದಿಲ್ಲ. ಕೆಳಗಿನವನು ದಾರಿ ಬಿಡದಿದ್ದರೆ ಮೇಲಿನವನು ತೋಡಿದ್ದು ವ್ಯರ್ಥ. ಅದಕ್ಕೆ ಬೇಕಾದ ಒಪ್ಪಂದವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಈಗ ನಾನು ಲಾವಣಿ ಬಿಟ್ಟಿದ್ದೇನೆ. ಆತನೂ ನಾನೂ ಕೂಡಿಯೇ ಹೊಲ ಮಾಡುತ್ತೇವೆ. ಮೇಲಿನ ಅರ್ಧಕ್ಕೆ ಜೋಳ ಮರಳಿ ಬಂದಿದೆ. ಹಳೆಯ ಬಸಿಗಾಲುವೆಯನ್ನು ಹಳ್ಳದವರೆಗೆ ಬಿಡಿಸಲು ಸುತ್ತಲಿನ ಐವರಲ್ಲಿ ನಾಲ್ವರು ಒಪ್ಪಿದ್ದಾರೆ. ಐದನೆಯವರ ಹೊಲ ಎಲ್ಲಕ್ಕಿಂತ ಕೆಳಗಿದೆ. ಎರಡು ಸಾಲು ನೆಲ ಹೋಗುತ್ತದೆಂದು ಅವರಿಗೆ ಚಿಂತೆ. ಕಾಲುವೆ ಅವರ ಬದುವಿಗೆ ಬಂದು ನಿಂತಿದೆ. ನೀರೂ ಅಲ್ಲಿಯೇ ನಿಂತಿದೆ. ಆ ಎರಡು ಸಾಲಿನ ಬೆಲೆಯನ್ನು ಉಳಿದವರು ಹಂಚಿಕೊಂಡು ಕೊಡುವುದೆಂದು ಮಾತಾಗಿದೆ. ಹಿರಿಯರು ಅವರು, ಮತ್ತೊಮ್ಮೆ ಹೋಗಿ ಕೇಳುವವನಿದ್ದೇನೆ. ಅವರು ರೇಡಿಯೋ ಕೇಳುವವರೆಂದೂ ಬಲ್ಲೆ.