ನಿಮ್ಮೂರಲ್ಲಿ ನೋಡೋದೇನಿದೆ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಸಮಿತಿಯವರು ಫೋನ್ ಮಾಡಿ "ಫಾರಿನ್‌ಗೆ ಹೋಗಿ ಬಂದಿದ್ದೀಯ, ಅಲ್ಲಿಂದು ಏನಾದ್ರೂ ಹೇಳಪ್ಪ" ಅಂದರು. ನಾನು ಹೋಗಿದ್ದು ಕಂಪನಿ ಕೆಲಸದ ಮೇಲೆ, ಮೂರು ತಿಂಗಳು, ಪ್ಯಾರಿಸ್ಸಿಗೆ. ಐಫೆಲ್ ಗೋಪುರದ ಕಥೆ ಹೇಳುವುದಿಲ್ಲ, ಅದರ ಫೋಟೋ ನಿಮ್ಮ ಫೋನಿನಲ್ಲೂ ಇರುತ್ತದೆ. ಶಾರ್ತ್ರ್ ಅನ್ನುವ ಪಟ್ಟಣದ ವಿಷಯ ಹೇಳುತ್ತೇನೆ. ಪ್ಯಾರಿಸ್ಸಿನಿಂದ ಸುಮಾರು 90 ಕಿಲೋಮೀಟರ್. ಮಧುಗಿರಿಗಿಂತ ಸ್ವಲ್ಪ ದೊಡ್ಡದು, ಶಿರಾಕ್ಕಿಂತ ಚಿಕ್ಕದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬನ ಅಪ್ಪ ಅಮ್ಮ ಅಲ್ಲಿದ್ದಾರೆ. ಅಮ್ಮ ನಿವೃತ್ತ ಮೇಷ್ಟ್ರು. ಎರಡು ಶನಿವಾರ, ಎರಡು ಭಾನುವಾರ ಅವರ ಮನೆಯಲ್ಲಿದ್ದೆ.

ರೈಲಿನಲ್ಲಿ ಹೋಗುವಾಗ ಎರಡೂ ಕಡೆ ಗೋಧಿ ಹೊಲ. ಬೋಸ್ ಸೀಮೆ ಅಂತ ಅದರ ಹೆಸರು. ಗುಡ್ಡವಿಲ್ಲ, ಬಂಡೆಯಿಲ್ಲ, ನಮ್ಮ ಕಡೆಯ ಕಣ್ಣಿಗೆ ಏನೋ ಕಳೆದುಹೋದ ಹಾಗೆ. ಆ ಬಯಲಿನ ತುದಿಯಲ್ಲಿ ಎರಡು ಗೋಪುರ ಕಾಣುತ್ತವೆ, ಒಂದು 105 ಮೀಟರ್, ಇನ್ನೊಂದು 113. ಜೋಡಿ ಗೋಪುರ ಅಂತೀವಿ, ಆದರೆ ಒಂದರ ಹಾಗೆ ಇನ್ನೊಂದಿಲ್ಲ. ಅದು ಶಾರ್ತ್ರ್‌ನ ದೊಡ್ಡ ಚರ್ಚು. 1194ರಲ್ಲಿ ಬೆಂಕಿಗೆ ಹಳೆಯ ಚರ್ಚಿನ ಬಹುಭಾಗ ಸುಟ್ಟುಹೋದ ಮೇಲೆ, ಮೂವತ್ತು ವರ್ಷದೊಳಗೆ ಈಗಿನದರ ಹೆಚ್ಚಿನ ಭಾಗ ಎದ್ದು ನಿಂತಿತು.

ಒಳಗೆ ಹೋದರೆ ಮೊದಲು ಕತ್ತಲೆ. ಐದು ನಿಮಿಷ ಸುಮ್ಮನೆ ನಿಂತರೆ ಕಿಟಕಿಗಳು ಕಾಣತೊಡಗುತ್ತವೆ, ನೀಲಿ, ಕೆಂಪು ಗಾಜಿನ ಚೂರು ಕೂಡಿಸಿ ಬರೆದ ಚಿತ್ರಗಳು. ನೂರಾ ಎಪ್ಪತ್ತಕ್ಕೂ ಹೆಚ್ಚು ಕಿಟಕಿ. ಮೇಲೆ ದೇವರು, ಸಂತರು. ಆ ತಾಯಿ ನನ್ನ ತೋಳು ಹಿಡಿದು "ಮೇಲೆ ಆಮೇಲೆ ನೋಡು, ಕೆಳಗೆ ನೋಡು" ಅಂದರು. ಕೆಳಗಿನ ಮೂಲೆಯಲ್ಲಿ ಬ್ರೆಡ್ಡಿನ ಬುಟ್ಟಿ ಹೊತ್ತವರು. ಇನ್ನೊಂದರಲ್ಲಿ ಚಪ್ಪಲಿ ಹೊಲಿಯುವವರು, ಮತ್ತೊಂದರಲ್ಲಿ ಗಾಡಿಯ ಚಕ್ರ ಮಾಡುವವರು. ಆಯಾ ಕಸುಬಿನವರು ಕೊಡಿಸಿದ ಕಿಟಕಿಗಳು ಅನ್ನುತ್ತಾರೆ. ಹೆಸರಿಲ್ಲ, ಕಸುಬು ಮಾತ್ರ ಇದೆ. 1939ರಲ್ಲಿ ಯುದ್ಧ ಬಂದಾಗ ಊರಿನವರು ಈ ಗಾಜನ್ನೆಲ್ಲ ಬಿಚ್ಚಿ, ಪೆಟ್ಟಿಗೆಗೆ ತುಂಬಿ ಸಾಗಿಸಿಬಿಟ್ಟರಂತೆ. ಯುದ್ಧ ಮುಗಿದ ಮೇಲೆ ತಂದು ಮತ್ತೆ ಕೂಡಿಸಿದರು. ಮಧ್ಯಾಹ್ನ ಹೊಳೆ ಕಡೆಗೆ ಇಳಿದು ಸೇಂಟ್ ಪಿಯೇರ್ ಅನ್ನುವ ಇನ್ನೊಂದು ಚರ್ಚನ್ನೂ ನೋಡಿದೆವು. ಅಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇರಲಿಲ್ಲ. ನನಗೆ ಅದೇ ಹೆಚ್ಚು ಹಿಡಿಸಿತು.

ಊಟದ ಮಾತು. ದಿನಾ ಬೆಳಿಗ್ಗೆ ಯಜಮಾನರು ಬೇಕರಿಗೆ ಹೋಗಿ ಉದ್ದದ ಬ್ರೆಡ್ ತರುತ್ತಿದ್ದರು. ನಿನ್ನೆಯದನ್ನು ಮೇಜಿನ ಮೇಲಿಡುತ್ತಿರಲಿಲ್ಲ. ಮೇಜಿನ ಮೇಲೆ ಬ್ರೆಡ್ಡನ್ನು ಮಗುಚಿ ಇಟ್ಟರೆ ಅಪಶಕುನವಂತೆ. ನಾನು ಗೊತ್ತಿಲ್ಲದೆ ಹಾಗೆ ಇಟ್ಟೆ, ಆತ ಮಾತಾಡದೆ ಎತ್ತಿ ಸರಿಮಾಡಿದರು. ಆ ಊರಿನ ವಿಶೇಷ ಅಂದರೆ ಪಾತೆ. ಮಾಂಸವನ್ನು ಹಿಟ್ಟಿನ ಹೊದಿಕೆಯೊಳಗಿಟ್ಟು ಬೇಯಿಸಿ, ಆರಿಸಿ, ಕೊಯ್ದು ಕೊಡುತ್ತಾರೆ. ಚೆನ್ನಾಗಿತ್ತು, ಖಾರ ಒಂದು ಇರಲಿಲ್ಲ. ಕೊನೆಗೆ ತಟ್ಟೆಯಲ್ಲಿ ಉಳಿದ ರಸವನ್ನು ಬ್ರೆಡ್ ಚೂರಿನಿಂದ ಸವರಿ ತಿಂದರು. ಮುದ್ದೆಯ ಕೊನೇ ತುತ್ತಿಗೆ ನಾವು ಮಾಡುವುದೂ ಅದೇ. ಆಗ ಸಂಕೋಚ ಹೋಯಿತು.

ಅವತ್ತು ರಾತ್ರಿ ಆ ತಾಯಿ ಕೇಳಿದರು, "ನಿಮ್ಮೂರಲ್ಲಿ ನೋಡೋದೇನಿದೆ?" ಫೋನಿನಲ್ಲಿ ಮಧುಗಿರಿ ಬೆಟ್ಟ ತೋರಿಸಿದೆ. ಒಂದೇ ಕಲ್ಲಿನ ಬೆಟ್ಟ ಅಂದೆ. "ಕೋಟೆ ಕಟ್ಟಿದ್ದು ಯಾರು?" ಅಂದರು. "ಟಿಪ್ಪು ಸುಲ್ತಾನ್" ಅಂದುಬಿಟ್ಟೆ. ಬೇರೆ ಹೆಸರು ಬಾಯಿಗೆ ಬರಲಿಲ್ಲ. ವಾಪಸ್ ರೈಲಿನಲ್ಲಿ ಹುಡುಕಿ ಓದಿದೆ. ಮೊದಲು ಮಣ್ಣಿನ ಕೋಟೆ ಕಟ್ಟಿಸಿದ್ದು ನಮ್ಮದೇ ಸೀಮೆಯ ಪಾಳೆಯಗಾರ ರಾಜ ಹಿರೇಗೌಡ, ಆಮೇಲೆ ಹೈದರಾಲಿ ಅದನ್ನು ಗಟ್ಟಿಮಾಡಿಸಿದ. ಸಮಾಜ ವಿಜ್ಞಾನದ ಮೇಷ್ಟ್ರು ಇಲ್ಲೇ ಇದ್ದಾರೆ, ಕ್ಷಮಿಸಬೇಕು ಸಾರ್.

ಊರಿಗೆ ಬಂದವನು ಶಿರಾದಲ್ಲಿರುವ ನಮ್ಮ ಬ್ಯಾಚಿನ ಗೆಳೆಯನ ಮನೆಯಲ್ಲಿ ಎರಡು ದಿನ ಉಳಿದೆ. ಶಿರಾ ಅಂದರೆ ನನಗೆ ಹೈವೇ, ಬಸ್ ಸ್ಟ್ಯಾಂಡು ಅಷ್ಟೇ ಆಗಿತ್ತು. ಅವನು ನಡೆಸಿಕೊಂಡು ಹೋಗಿ ತೋರಿಸಿದ. ಬಿಜಾಪುರದ ಸುಬೇದಾರ ಮಲಿಕ್ ರಿಹಾನನ ಗೋರಿ 1651ರದು. ಕೆತ್ತಿದ ಕಲ್ಲಿನ ಜುಮ್ಮಾ ಮಸೀದಿ 1696ರದು. ಮೊಗಲರಿಗೆ ಈ ಊರು ಒಂದು ಸುಬಾದ ರಾಜಧಾನಿ. ಬೆಂಗಳೂರಿನ ಲಾಲ್‌ಬಾಗಿಗೆ ಇಲ್ಲಿಯ ತೋಟವೇ ಮಾದರಿ ಅನ್ನುತ್ತಾರೆ. ದಿನಾ ಲಾಲ್‌ಬಾಗ್ ಪಕ್ಕದಲ್ಲೇ ಆಫೀಸಿಗೆ ಹೋಗುವವನು ನಾನು! ಮನೆಗೆ ಬಂದರೆ ಗೆಳೆಯನ ಅಮ್ಮ "ಬಾಪ್ಪ, ಆರೋಗ್ತದೆ" ಅಂತ ಮುದ್ದೆ, ಕೈಮಾ ಸಾರು ಬಡಿಸಿದರು. ಎರಡನೇ ಮುದ್ದೆ ಬೇಡ ಅಂದದ್ದು ಅವರ ಕಿವಿಗೆ ಬೀಳಲೇ ಇಲ್ಲ. ಮರುದಿನ ಕಗ್ಗಲಡುವಿಗೆ ಹೋದೆವು. ಊರೊಳಗಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆ. ಹಕ್ಕಿ ಗೂಡು ಕಟ್ಟಿದ ಮರಕ್ಕೆ ಆ ಊರಿನವರು ಕೈ ಹಾಕುವುದಿಲ್ಲ. ಹುಣಸೆಹಣ್ಣಿಗೆ ಏನು ರೇಟಿದೆ ಅಂತ ನಿಮಗೆ ಗೊತ್ತಲ್ಲ.

ಈಗ ನಮ್ಮೂರಿನ ಮಾತು. ಹಳೇ ಗುಡಿ ಕೆಡವಿ ಹೊಸದಾಗಿ ಕಟ್ಟುವಾಗ ನಾನೂ ಹತ್ತು ಸಾವಿರ ಕೊಟ್ಟಿದ್ದೆ. ಅಮೃತಶಿಲೆಯ ಹಲಗೆಯಲ್ಲಿ ನನ್ನ ಹೆಸರಿದೆ, ಮುಂದೆ ಬಿ.ಇ. ಅಂತಲೂ ಕೆತ್ತಿಸಿದ್ದಾರೆ. ಗುಡಿ ಮುಂದೆ ಎರಡು ವೀರಗಲ್ಲು ಇದ್ದವು, ಚಿಕ್ಕವರಿದ್ದಾಗ ಅದರ ಮೇಲೆ ಹುಣಸೆಬೀಜ ಉಜ್ಜಿ ಆಡುತ್ತಿದ್ದೆವು. ಒಂದು ಒಡೆದು ಪಾಯಕ್ಕೆ ಹೋಯಿತು. ಇನ್ನೊಂದು ನಲ್ಲಿ ಹತ್ತಿರ ಬಟ್ಟೆ ಒಗೆಯುವ ಕಲ್ಲಾಗಿದೆ. ಯಾರನ್ನೂ ದೂರುತ್ತಿಲ್ಲ. ದುಡ್ಡು ಕೊಟ್ಟವನು ನಾನೇ, ಆ ಕಲ್ಲು ಏನಾಯಿತು ಅಂತ ಕೇಳದವನೂ ನಾನೇ. ಕುದುರೆ ಮೇಲಿದ್ದ ಆ ಮನುಷ್ಯ ಯಾರಿಗಾಗಿ ಸತ್ತನೋ, ದನ ಬಿಡಿಸಿಕೊಳ್ಳಲು ಹೋಗಿಯೋ, ಊರು ಕಾಯಲು ನಿಂತೋ. ಅವನ ಮುಖದ ಮೇಲೆ ಸೋಪು ಉಜ್ಜುತ್ತಿದ್ದೇವೆ.

ರೈಸ್ ಸಾಹೇಬರು 1904ರಲ್ಲೇ ತುಮಕೂರು ಜಿಲ್ಲೆಯ ಶಾಸನಗಳನ್ನು ಒಂದು ದೊಡ್ಡ ಸಂಪುಟವಾಗಿ ಅಚ್ಚುಹಾಕಿಸಿದ್ದಾರೆ, ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯದು. ಶಿರಾ, ಮಧುಗಿರಿ, ಪಾವಗಡ ಎಲ್ಲವೂ ಅದರಲ್ಲಿವೆ. ಒಂದು ಪ್ರತಿಯ ಮುದ್ರಣ ಮಾಡಿಸಿ ತಂದಿದ್ದೇನೆ, ಹೆಡ್ ಮಾಸ್ಟರ್ ಕೈಗೆ ಕೊಡುತ್ತೇನೆ. ಒಂಬತ್ತನೇ ಕ್ಲಾಸಿನ ಮಕ್ಕಳು ಅದರಲ್ಲಿ ತಮ್ಮ ತಮ್ಮ ಊರಿನ ಹೆಸರು ಹುಡುಕಲಿ. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಮಾತ್ರ ನಮ್ಮ ನಾಲ್ಕು ತಾಲ್ಲೂಕು ಒಟ್ಟಿಗೆ "ಮಧುಗಿರಿ ಶೈಕ್ಷಣಿಕ ಜಿಲ್ಲೆ" ಅಂತ ಪೇಪರಿನಲ್ಲಿ ಬರುತ್ತವೆ, ಉಳಿದ ದಿನ ಕೊರಟಗೆರೆಯವರಿಗೆ ಪಾವಗಡ ಗೊತ್ತಿಲ್ಲ, ಪಾವಗಡದವರಿಗೆ ನಾವು ಗೊತ್ತಿಲ್ಲ. ಒಬ್ಬರ ಮನೆಯಲ್ಲಿ ಒಬ್ಬರು ಎರಡು ದಿನ ಉಳಿಯಲಿ. ಬಸ್ ಚಾರ್ಜು ಹಳೆಯ ವಿದ್ಯಾರ್ಥಿಗಳು ಕೊಡುತ್ತೇವೆ.

ಆ ಕಲ್ಲನ್ನು ಶಾಲೆಯ ಬೇವಿನಮರದ ಕೆಳಗೆ ನಿಲ್ಲಿಸಬೇಕು ಅಂತ ಆಸೆ. ಪಂಚಾಯ್ತಿ ಅಧ್ಯಕ್ಷರನ್ನು ಕೇಳಿದ್ದೇನೆ, ಆಗಲಿ ಅಂದಿದ್ದಾರೆ. ಬಟ್ಟೆ ಒಗೆಯಲು ಹೊಸ ಚಪ್ಪಡಿ ಹಾಕಿಸುವ ಖರ್ಚು, ಟ್ರ್ಯಾಕ್ಟರ್ ಬಾಡಿಗೆ ನನ್ನದು. ನಾಳೆ ಬೆಳಿಗ್ಗೆ ಏಳಕ್ಕೆ ನಲ್ಲಿ ಹತ್ತಿರ ಇರುತ್ತೇನೆ. ಹಾರೆ, ಹಗ್ಗ ಇದ್ದವರು ತನ್ನಿ. ತಿಂಡಿ ನಮ್ಮ ಮನೆಯಲ್ಲಿ, ಅಮ್ಮನಿಗೆ ಹೇಳಿದ್ದೇನೆ.