ಬಂದರಿನಿಂದ ಬಜ್ಪೆಗೆ



ಮಂಗಳೂರಿನವರು ಕಡಲು ದಾಟಿ ಹೋದ ಕಥೆಯನ್ನು ಎಲ್ಲರೂ ದುಬೈಯಿಂದ ಶುರು ಮಾಡುತ್ತಾರೆ. ನಾನು ಬೊಮ್ಮನಿಂದ ಶುರು ಮಾಡುತ್ತೇನೆ.

ಹನ್ನೆರಡನೇ ಶತಮಾನದಲ್ಲಿ ಟ್ಯುನೀಷಿಯಾ ಕಡೆಯ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ನಮ್ಮ ಬಂದರಿನಲ್ಲಿ ಸುಮಾರು ಹದಿನೇಳು ವರ್ಷ ನೆಲೆಸಿದ್ದ. ಮೆಣಸು, ಅಡಿಕೆ, ಕಂಚಿನ ಪಾತ್ರೆ ಅವನ ವ್ಯಾಪಾರ. 1135ರ ಸುಮಾರಿಗೆ ಆತ ತನ್ನ ಆಳನ್ನು ಏಡನ್‌ಗೆ ಕಳಿಸಿದ. ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕ ಕಾಗದಗಳಲ್ಲಿ ಆ ಆಳಿನ ಹೆಸರಿದೆ, ಬರೀ ಮೂರು ಅಕ್ಷರಗಳಲ್ಲಿ. ಅದರ ಬೆನ್ನು ಹತ್ತಿ ಲೇಖಕ ಅಮಿತಾವ್ ಘೋಷ್ ಮಂಗಳೂರಿಗೆ ಬಂದರು. ಪ್ರೊಫೆಸರ್ ಬಿ.ಎ. ವಿವೇಕ ರೈಯವರ ನೆರವಿನಿಂದ ಅದು ‘ಬೊಮ್ಮ’ ಎಂದು ತಿಳಿಯಿತು. ಇಲ್ಲಿಂದ ಪರದೇಶಕ್ಕೆ ಹೋದ ದುಡಿಮೆಗಾರರಲ್ಲಿ ನನಗೆ ಗೊತ್ತಿರುವ ಅತಿ ಹಳೆಯ ಹೆಸರು ಅದು.

ನಡುವಿನ ಶತಮಾನಗಳನ್ನು ದಾಟಿಬಿಡೋಣ. 1973ರಲ್ಲಿ ತೈಲದ ಬೆಲೆ ಏರಿತು, ಕೊಲ್ಲಿ ದೇಶಗಳಿಗೆ ಕೈಗಳು ಬೇಕಾದವು. ನಮ್ಮ ಹುಡುಗರ ದಾರಿ ಬೊಂಬಾಯಿಯ ಮೇಲಿಂದಲೇ. ಅಲ್ಲಿನ ಹೋಟೆಲು, ಆಫೀಸುಗಳಲ್ಲಿ ಆಗಲೇ ಬೇರೂರಿದ್ದ ಊರಿನವರ ಕೋಣೆಯಲ್ಲಿ ಚಾಪೆ ಹಾಸಿ ವೀಸಾಕ್ಕೆ ಕಾಯುವುದು. ಏಜೆಂಟನಿಗೆ ಕೊಡಲು ಮನೆಯಲ್ಲಿ ಅಮ್ಮನ ಬಳೆ ಅಡವಿಗೆ ಹೋಗಿರುತ್ತಿತ್ತು.

ಫೋನು ಅಪರೂಪದ ಕಾಲ. ಟೇಪ್ ರೆಕಾರ್ಡರಿನ ಮುಂದೆ ಮಾತಾಡಿ, ರಜೆ ಮುಗಿಸಿ ಹೊರಟವರ ಕೈಯಲ್ಲಿ ಕ್ಯಾಸೆಟ್ಟನ್ನೇ ಪತ್ರದ ಹಾಗೆ ಕಳಿಸುತ್ತಿದ್ದರು. ನೆರೆಮನೆಯ ಅಜ್ಜಿಯದು ನನಗೆ ನೆನಪಿದೆ. ಗುಂಡಿ ಒತ್ತಿಕೊಟ್ಟರೆ ಅವರಿಗೆ ಮಾತೇ ಹೊರಡದು. ಅಂಗಳದ ಕಾಗೆ ಕೂಗಿದ್ದು, ಯಾರೋ ಬಾವಿಯಿಂದ ನೀರು ಸೇದಿದ್ದು ಎಲ್ಲ ಅದರಲ್ಲಿ ತುಂಬಿಕೊಂಡಿತು. ಕೊನೆಗೆ, “ಊಟ ಆಯ್ತಾ ಮಗಾ?” ಎಂದಷ್ಟೇ ಕೇಳಿ ಸುಮ್ಮನಾದರು. ಅಳಿಸಿ ಮತ್ತೊಮ್ಮೆ ಹೇಳೋಣವೆಂದರೆ ಬೇಡವೆಂದರು. ಮಸ್ಕತ್ತಿನಲ್ಲಿ ಮಗ ಆ ಕಾಗೆಯ ಕೂಗನ್ನೇ ಮತ್ತೆ ಮತ್ತೆ ಹಾಕಿ ಕೇಳಿದನಂತೆ.

1990ರ ಆಗಸ್ಟಿನಲ್ಲಿ ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ 1.7 ಲಕ್ಷದಷ್ಟು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ನಮ್ಮ ಕರಾವಳಿಯ ಎಷ್ಟೋ ಮಂದಿ ಉಟ್ಟ ಬಟ್ಟೆಯಲ್ಲೇ ಮರಳಿದರು. ಗಲಾಟೆ ತಣ್ಣಗಾದ ಮೇಲೆ ಅವರಲ್ಲಿ ಹಲವರು ಮತ್ತೆ ಹೊರಟರು. ಸಾಲ ತೀರಿರಲಿಲ್ಲ.

2006ರಲ್ಲಿ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಿಂದ ನೇರ ದುಬೈಗೆ ವಿಮಾನ ಬಂತು. ಬೊಂಬಾಯಿಯ ಚಾಪೆ ಮಡಚಿಟ್ಟಂತಾಯಿತು. ಮದುವೆಗೆ, ಭೂತಕೋಲಕ್ಕೆ, ಹಬ್ಬಕ್ಕೆ ಎರಡು ದಿನದ ಮಟ್ಟಿಗೂ ಬಂದುಹೋಗುವುದು ಸಾಧ್ಯವಾಯಿತು.

2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. ಇದ್ದ 166 ಮಂದಿಯಲ್ಲಿ ಉಳಿದವರು 8. ಗುರುತು ಸಿಗದವರನ್ನು ತಣ್ಣೀರುಬಾವಿಯಲ್ಲಿ, ಫಲ್ಗುಣಿ ಹೊಳೆಯ ಬದಿಯಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಊರಿನ ನೆಲ ಮುಟ್ಟಿಯಾಗಿತ್ತು ಅವರ ವಿಮಾನ.