ಗಗನಸಖಿ ಓಟಿಗೆ ನಿಂತಾಗ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ವಿಮಾನದಲ್ಲಿ ದುಡಿಯೋ ಹೆಣ್ಣುಮಕ್ಕಳನ್ನ ನಮ್ಮ ಪತ್ರಿಕೆಗಳು ‘ಗಗನಸಖಿ’ ಅಂತ ಕರೀತವೆ. ಯಾರಿಗೆ ಸಖಿ? ಟಿಕೆಟ್ ಕೊಂಡವನಿಗೆ. ಆ ಚೆಂದದ ಹೆಸರಿನ ಅಡಿಯಲ್ಲಿ ಕೂಲಿ ಅನ್ನೋ ಮಾತೇ ಮುಚ್ಚಿಹೋಗುತ್ತೆ. ಅಮೆರಿಕದ ಈ ಕೂಲಿಗಾರ್ತಿಯರು 1945ರಲ್ಲೇ ಸಂಘ ಕಟ್ಟಿದರು. ಮದುವೆಯಾದರೆ ಕೆಲಸ ಹೋಗುತ್ತಿದ್ದ ಕಾಲ ಅದು. 1958ರಲ್ಲಿ ರೂತ್ ಕೆರೊಲ್ ಟೇಲರ್ ಅಲ್ಲಿಯ ಮೊದಲ ಕಪ್ಪು ಗಗನಸಖಿಯಾಗಿ ಬಣ್ಣದ ಬೇಲಿ ದಾಟಿದಳು. ಕೆಲವೇ ತಿಂಗಳಲ್ಲಿ ಮದುವೆಯ ನಿಯಮ ಅವಳನ್ನ ಕೆಳಗಿಳಿಸಿತು. ನಮ್ಮ ಏರ್ ಇಂಡಿಯಾದಲ್ಲೂ ಮೊದಲ ಬಸಿರಿಗೇ ಮನೆಗೆ ಕಳಿಸೋ ನಿಯಮವಿತ್ತು. 1981ರಲ್ಲಿ ಸುಪ್ರೀಂ ಕೋರ್ಟು ಅದನ್ನ ಹೊಡೆದುಹಾಕಿತು, ಆದರೆ ಸೇರಿದ ನಾಲ್ಕು ವರ್ಷ ಮದುವೆಯಾಗಬಾರದು ಅನ್ನೋದನ್ನ ಸರಿ ಅಂದಿತು. ಕೋರ್ಟು ಕೊಡೋದು ಅಷ್ಟೇ. ಉಳಿದದ್ದಕ್ಕೆ ಸಂಘ ಬೇಕು.

ಸಂಘ ಅಂದರೆ ದೊಡ್ಡ ನಾಯಕರ ಫೋಟೋ ಅಲ್ಲ. ಅಲ್ಲಿಯ ಎ.ಎಫ್.ಎ. ಸಂಘದಲ್ಲಿ ಸಿಬ್ಬಂದಿಯ ನೆಲೆ ಇರೋ ಊರಲ್ಲಿ ಸ್ಥಳೀಯ ಸಮಿತಿ ಇರುತ್ತೆ. ಅದರ ಅಧ್ಯಕ್ಷೆಯೂ ವಿಮಾನದಲ್ಲಿ ದುಡಿಯೋಳೇ. ಮ್ಯಾನೇಜರ್ ಯಾರನ್ನೋ ಕರೆದು ವಿಚಾರಣೆ ಮಾಡಿದಾಗ ಅವಳ ಪರ ಮಾತಾಡೋಳು ಇವಳು. ಈ ಸ್ಥಳೀಯ ಅಧ್ಯಕ್ಷೆಯರೇ ಸೇರಿ ಕಂಪನಿ ಮಟ್ಟದ ಸಮಿತಿ ಆಗ್ತದೆ. ಕುರ್ಚಿ ಚಿಕ್ಕದು, ಕೈ ಉದ್ದ.

ಆದರೆ ಓಟು ಕೇಳೋದು ಯಾರನ್ನ, ಎಲ್ಲಿ? ಗಿರಣಿಗೆ ಗೇಟಿದೆ, ನಿಮಗೆ ಊಟದ ಹಾಲ್ ಇದೆ. ಇವಳ ಮತದಾರರಲ್ಲಿ ಒಬ್ಬಳು ಲಂಡನ್ನಿನಲ್ಲಿ, ಇನ್ನೊಬ್ಬಳು ಟೋಕಿಯೋದಲ್ಲಿ. ಈ ಟ್ರಿಪ್ಪಿನ ತಂಡ ಮುಂದಿನ ಟ್ರಿಪ್ಪಿಗೆ ಇರೋದಿಲ್ಲ. ಪಾಳಿ ಹಂಚೋದು ಹಿರಿತನದ ಮೇಲೆ. ಹೊಸಬರು ಫೋನ್ ಯಾವಾಗ ಬಡಿಯುತ್ತೋ ಅಂತ ಕಾಯ್ತಾ ಕೂತಿರ್ತಾರೆ. ಹಳಬರ ಹೆಗಲು ತಟ್ಟಿ ಗೆಲ್ಲಬಹುದೇನೋ. ನನ್ನ ಕೇಳಿದರೆ, ಹೊಸಬರ ಹತ್ತಿರ ಹೋಗದವಳು ಅರ್ಧ ಸಂಘಕ್ಕೆ ಮಾತ್ರ ನಿಂತಂಗೆ.

1959ರ ಅಮೆರಿಕದ ಕಾಯ್ದೆಯೊಂದು ಇವಳ ಕೈಗೆ ಆಯುಧ ಕೊಟ್ಟಿದೆ. ಸ್ಥಳೀಯ ಸಂಘ ಮೂರು ವರ್ಷಕ್ಕೊಮ್ಮೆಯಾದರೂ ಗುಪ್ತ ಮತದಾನ ಮಾಡಲೇಬೇಕು. 15 ದಿನ ಮುಂಚೆ ಸದಸ್ಯರ ಮನೆಗೆ ನೋಟೀಸು ಹೋಗಬೇಕು. ಅಭ್ಯರ್ಥಿ ತನ್ನ ಖರ್ಚಲ್ಲಿ ಕರಪತ್ರ ಕೊಟ್ಟರೆ ಸಂಘ ಅದನ್ನ ಸದಸ್ಯರಿಗೆ ಹಂಚಬೇಕು, ಅಧಿಕಾರದಲ್ಲಿರೋರಿಗೆ ಅವಳು ಹಿಡಿಸದಿದ್ದರೂ ಸರಿ. ಎಣಿಕೆಗೆ ಅವಳ ಕಡೆಯವರು ಕೂರಬಹುದು. ಇನ್ನೊಂದು ಮಾತು ಚೆನ್ನಾಗಿ ಕೇಳಿಸಿಕೊಳ್ಳಿ: ಸಂಘದ ಚಂದಾ ದುಡ್ಡಾಗಲಿ ಕಂಪನಿ ದುಡ್ಡಾಗಲಿ ಯಾರ ಪ್ರಚಾರಕ್ಕೂ ಮುಟ್ಟಬಾರದು. ಕಂಪನಿ ಯಂತ್ರದಲ್ಲಿ ಕರಪತ್ರ ತೆಗೆದರೂ ತಕರಾರು ಏಳುತ್ತೆ, ಗೆದ್ದ ಚುನಾವಣೆಯೇ ರದ್ದಾಗಬಹುದು.

ಕರಪತ್ರದಲ್ಲಿ ಏನು ಬರೀಬೇಕು? ಅಲ್ಲಿ ದಶಕಗಳ ಕಾಲ ಬಾಗಿಲು ಮುಚ್ಚಿ ವಿಮಾನ ಹೊರಟ ಮೇಲೇ ಕೂಲಿಯ ಲೆಕ್ಕ ಶುರುವಾಗ್ತಿತ್ತು. ಜನರನ್ನ ಹತ್ತಿಸೋದು, ಚೀಲ ಎತ್ತಿಡೋದು, ಜಗಳ ಬಿಡಿಸೋದು ಲೆಕ್ಕಕ್ಕಿಲ್ಲ. 2022ರಲ್ಲಿ ಡೆಲ್ಟಾ ಕಂಪನಿ ಹತ್ತಿಸೋ ಹೊತ್ತಿಗೆ ಅರ್ಧ ಕೂಲಿ ಕೊಡೋಕೆ ಶುರು ಮಾಡಿತು. ಅಲ್ಲಿ ಗಗನಸಖಿಯರಿಗೆ ಸಂಘವಿರಲಿಲ್ಲ, ಕಟ್ಟೋ ಪ್ರಯತ್ನ ನಡೀತಿತ್ತು. ಯಾಕೆ ಕೊಟ್ಟರು ಅನ್ನೋದನ್ನ ನೀವೇ ಊಹಿಸಿ.

ಪಕ್ಕದ ಕೆನಡಾದಲ್ಲಿ ಇದೇ ಪ್ರಶ್ನೆಗೆ 2025ರ ಆಗಸ್ಟ್ 16ರಂದು ಏರ್ ಕೆನಡಾದ ಸುಮಾರು 10,000 ಮಂದಿ ಮುಷ್ಕರ ಹೂಡಿದರು. ಅದೇ ದಿನ ಸರ್ಕಾರ ಕೆಲಸಕ್ಕೆ ಮರಳಿ ಅಂತು. ಅವರು ಮರಳಲಿಲ್ಲ. 19ರಂದು ಒಪ್ಪಂದವಾಯಿತು, ನೆಲದ ಮೇಲಿನ ಕೆಲಸಕ್ಕೂ ಕೂಲಿ ಬಂತು. ಆದರೆ ನಾಯಕರು ತಂದ ಆ ಒಪ್ಪಂದದ ಸಂಬಳದ ಭಾಗ ಸಾಲದು ಅಂತ ಸದಸ್ಯರು ಸೆಪ್ಟೆಂಬರಿನಲ್ಲಿ ಓಟು ಹಾಕಿ ತಳ್ಳಿಬಿಟ್ಟರು. ಓಟಿಗೆ ನಿಲ್ಲೋಳಿಗೆ ಇದೂ ತಿಳಿದಿರಬೇಕು.